ಅರುವತ್ತೊಂದನೆಯ ಗುಳಿ

ಬೆಳಿಗ್ಗೆ ಏಳಕ್ಕೆ ಮೀನುಕೋಣೆಯ ದೀಪ ಹಾಕುವುದು ನನ್ನ ಕೆಲಸ.
ಬೆಳಕು ಬಿದ್ದ ಸ್ವಲ್ಪ ಹೊತ್ತಿಗೆ ಹೆಣ್ಣುಗಳು ಮೊಟ್ಟೆ ಸುರಿಯುತ್ತವೆ,
ಸಾಸಿವೆಗಿಂತ ಸಣ್ಣವು, ಗಾಜಿನಷ್ಟು ತಿಳಿ.
ಜರಡಿಯಲ್ಲಿ ಹಿಡಿದು, ತೊಳೆದು, ಎಣಿಸುತ್ತೇನೆ
ಕುಂಬಳೆ ಪೇಟೆಯಲ್ಲಿ ಅಮ್ಮ ಬೂತಾಯಿ ಎಣಿಸುವ ಹಾಗೆ:
ಐದೈದರ ಲೆಕ್ಕ, ತುಟಿಯಲ್ಲೇ.

ಒಮ್ಮೆ ಅವಳನ್ನು ಕರೆತಂದು ತೋರಿಸಿದ್ದೆ.
ಬೆರಳ ಗೆಣ್ಣಿನಷ್ಟು ಮೀನು, ಮೈಯುದ್ದ ನೀಲಿ ಗೆರೆ.
"ಉಂದು ಮೀನಾ?" ಎಂದಳು. "ಚಟ್ನಿಗೂ ಸಾಲದು."
ಆಮೇಲೆ ಗಾಜಿಗೆ ಮೂಗು ತಾಗಿಸಿ ಬಹಳ ಹೊತ್ತು ನಿಂತಳು.
ನಲುವತ್ತು ವರ್ಷ ಮೀನು ಮಾರಿದವಳು
ಈಜುವ ಮೀನನ್ನು ಅಷ್ಟು ಹತ್ತಿರ ಕಂಡೇ ಇರಲಿಲ್ಲವಂತೆ.

ಅವಳ ಎಡಮೊಲೆ ತೆಗೆದು ಮೂರು ವರ್ಷ.
ರಾತ್ರಿ ಗಂಜಿಯ ಮೇಲೆ ಒಂದು ಬಿಳಿ ಗುಳಿಗೆ.
ಮಂಗಳೂರಿನ ಡಾಕ್ಟರು ಹೇಳಿದ್ದು:
ಎದೆಯಲ್ಲಿ ಇದು ಬಾಗಿಲು ಮುಚ್ಚುತ್ತದೆ, ಎಲುಬಿಗೆ ಉಪಕಾರಿ,
ಗರ್ಭಕೋಶದಲ್ಲಿ ಮಾತ್ರ ತೆರೆದರೂ ತೆರೆದೀತು, ನೋಡಿಕೊಂಡಿರಿ.
ಒಂದೇ ಗುಳಿಗೆ, ಮೂರು ಮನೆಯಲ್ಲಿ ಮೂರು ಬುದ್ಧಿ.
ಅಮ್ಮ ನಕ್ಕಳು: "ನಮ್ಮ ಕೊಗ್ಗು ಭಾವನ ಹಾಗೆ."

ಹಾರ್ಮೋನು ಅಂದರೆ ನೆತ್ತರಲ್ಲಿ ಅಲೆಯುವ ಒಂದು ಮಾತು,
ಎನ್ನುತ್ತಾರೆ ಉಪ್ಪಳದ ಜಸೀಲಾ ಟೀಚರ್;
ಕೇಳುವ ಕಿವಿ ಇದ್ದಲ್ಲಿ ಮಾತ್ರ ಅದು ಮಾತು.
ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.
ಔಷಧಗಳ ಪಟ್ಟಿ ಎಲ್ಲಿ ಎಂದು ನಾನು ಕೇಳಿದರೆ
ನೀಲೇಶ್ವರದ ಶಿಜಿತ್ ಮೇಜಿನಡಿ ಬಗ್ಗಿ ನಾಯಿ ಹುಡುಕುತ್ತಾನೆ.
ತುಳುವಿನಲ್ಲಿ 'ಇಲ್ಲ್' ಎಂದರೆ ಮನೆ.
ಉಸಿರು ಒಂಚೂರು ನೀಡಿದರೆ ಕನ್ನಡ,
ಮನೆ ಇಲ್ಲ.

ಬಟ್ಟಲಲ್ಲಿ ಬೆಳೆಸಿದ ಜೀವಕೋಶ 'ಹೂಂ' ಎನ್ನುತ್ತದೆ, ಅಷ್ಟೆ.
ಹೂಂ ಎಂದವರು ಒಳಮನೆಯವರೋ ಜಗಲಿಯವರೋ
ಅದಕ್ಕೆ ಗೊತ್ತಿಲ್ಲ. ಅದಕ್ಕೇ ಇಡೀ ಮೀನು ಬೇಕು,
ಹೃದಯವಿರುವ, ಲಿವರಿರುವ, ಬಾಲ ಕೊಡಹುವ ಮೀನು.
ಇವುಗಳ ವಂಶದಲ್ಲಿ ಯಾರೋ ಹಿಂದೆಯೇ ಇಟ್ಟ ಹಸುರು ಕಿಡಿ
ಮಾತು ನಾಟಿದ ಜಾಗದಲ್ಲೇ ಹೊತ್ತಿಕೊಳ್ಳುತ್ತದೆ.

ಇವತ್ತು ತೊಂಬತ್ತಾರು ಗುಳಿಯ ತಟ್ಟೆ.
ಗುಳಿಗೊಂದು ಮರಿ, ಮರಿಗೊಂದು ಹನಿ.
ಮದ್ದುಗಳಿಗಿನ್ನೂ ಹೆಸರಿಲ್ಲ.
ಮೊದಲ ಸಾಲು ಪೂರ್ತಿ ಕತ್ತಲೆ.
ಹದಿನೇಳು, ಇಪ್ಪತ್ತು: ಲಿವರು ಹೊತ್ತಿತು, ನಿರೀಕ್ಷಿಸಿದ್ದೇ.
ನಲುವತ್ತೆರಡು ಬೆನ್ನು ಬಾಗಿ ತಳಕ್ಕಿಳಿದಿದೆ. ಸತ್ತಿದೆ ಎಂದು ಬರೆದುಕೊಂಡೆ.
ಅರುವತ್ತೊಂದು.
ಲಿವರು ಕತ್ತಲು. ಹೃದಯದ ಕವಾಟದಲ್ಲಿ ಮಾತ್ರ
ಎರಡು ಹಸುರು ಚುಕ್ಕಿ, ಬಡಿತಕ್ಕೊಮ್ಮೆ ಹತ್ತಿರ, ದೂರ,
ತೆರೆಯ ಹಿಂದೆ ಹೋಗಿ ಬರುವ ದೋಣಿದೀಪ.
ಟೀಚರ್ ಏನೂ ಅನ್ನಲಿಲ್ಲ. ಕನ್ನಡಕ ಒರಸಿ ಮತ್ತೆ ಬಗ್ಗಿದರು.
ಪಟ್ಟಿಯಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ ಚಿಹ್ನೆ.
"ಇನ್ನೂ ಹತ್ತು ಸಲ ನೋಡಬೇಕು," ಎಂದರು,
"ಹತ್ತು ವರ್ಷವೂ ಆದೀತು."

ಸಂಜೆಯ ಐಸು ತರುವುದೂ ನಾನೇ.
ಮೊದಲು ಮಂಪರಿನ ಮದ್ದು, ಆಮೇಲೆ ಐಸು. ನಿಯಮ ಹಾಗಿದೆ.
ಅಮ್ಮನ ಐಸು ಸತ್ತ ಮೀನು ಕೆಡದಿರಲೆಂದು.
ನನ್ನದು ಬೇರೆ.
ತೊಂಬತ್ತೈದು ಎಣಿಸುತ್ತೇನೆ, ಐದೈದರ ಲೆಕ್ಕ.
ಅರುವತ್ತೊಂದನ್ನು ಕೊನೆಗೆ ಇಟ್ಟುಕೊಂಡೆ.
ಇಟ್ಟುಕೊಂಡು ಏನು ಬಂತು.

"ಏತ್ ತಿಕ್ಕ್‌ಂಡ್?" ಅಮ್ಮ ಕೇಳಿದಳು ಮೆಟ್ಟಿಲು ಹತ್ತುವ ಮೊದಲೇ,
ಕಡಲಿಂದ ಬಂದವರನ್ನು ಕೇಳುವ ದನಿಯಲ್ಲಿ.
ಒಂದು, ಎಂದೆ. ಒಂದಿರಬಹುದು.
ಅವಳು ಗುಳಿಗೆ ನಾಲಗೆಗಿಟ್ಟು ನೀರೆತ್ತಿ ಕುಡಿದಳು.
ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು.
ಒಳಗೆ ಎಲ್ಲಿ ಅದು ಮನೆ ಎಂದು ಕೇಳಿಸಿತೋ,
ಎಲ್ಲಿ ಇಲ್ಲ ಎಂದು.
ಚಿಮಣಿಯಂಥ ಬಲ್ಬಿನ ಕೆಳಗೆ ಕೂತು ನೋಡಿದೆ.
ಅಮ್ಮ ಗಾಜಿನ ಮೀನಲ್ಲ.
ಸೀರೆಯ ಸೆರಗು, ಅದರ ಮೇಲೆ ಒಂದು ಬೂತಾಯಿಯ ಪೊರೆ.